ಕ್ಯಾಲ್ಸಿಯಂ ಸಲ್ಫೇಟ್‌ನಲ್ಲಿ ಡಿಸ್ಪ್ರೋಸಿಯಂ ಬೆಳಕು: ಕಾರವಾರದ ಪ್ರಯೋಗಾಲಯದಿಂದ ನನ್ನ ಅನುಭವ

ಕೈಗಾ ಅಣು ವಿದ್ಯುತ್ ಸ್ಥಾವರದ ಕೆಲಸಗಾರರು ಎದೆಯ ಮೇಲೆ ಧರಿಸುವ ಟಿಎಲ್‌ಡಿ ಬ್ಯಾಡ್ಜನ್ನು (ಮೈಗೆ ತಗುಲಿದ ವಿಕಿರಣದ ಪ್ರಮಾಣವನ್ನು, ಕಾಯಿಸಿದಾಗ ಸೂಸುವ ಬೆಳಕಿನಿಂದ ತಿಳಿಸುವ ಬಿಲ್ಲೆಗಳುಳ್ಳ ಪಟ್ಟಿ) ನಮ್ಮ ಕಾರವಾರದಲ್ಲಿ ಅನೇಕರು ಕಂಡಿದ್ದಾರೆ. ಅದರೊಳಗಿನ ಬಿಲ್ಲೆಗಳಲ್ಲಿ ಟೆಫ್ಲಾನ್ ಜೊತೆ ಬೆರೆತಿರುವುದು ಡಿಸ್ಪ್ರೋಸಿಯಂ ಎಂಬ ವಿರಳ ಲೋಹವನ್ನು ಅಲ್ಪ ಪ್ರಮಾಣದಲ್ಲಿ ಸೇರಿಸಿದ ಕ್ಯಾಲ್ಸಿಯಂ ಸಲ್ಫೇಟ್. ಭೌತಶಾಸ್ತ್ರ ಕಲಿಸುವ ನಾನು ಆ ಪುಡಿಯನ್ನು ಕಾಲೇಜಿನಲ್ಲೇ ತಯಾರಿಸಿ ಅದರ ಬೆಳಕನ್ನು ಅಳೆಯಲು ತೊಡಗಿದೆ. ಕರಾವಳಿಯಲ್ಲಿ ಈ ಕೆಲಸದ ಬಹುಪಾಲು ಶ್ರಮ ನೀರನ್ನು ದೂರವಿಡುವುದಕ್ಕೇ ಸಲ್ಲುತ್ತದೆ.

10 ಗ್ರಾಂ ಶುದ್ಧ ಜಿಪ್ಸಮ್‌ಗೆ (ನೀರಿನಂಶವುಳ್ಳ ಕ್ಯಾಲ್ಸಿಯಂ ಸಲ್ಫೇಟ್) ಸುಮಾರು 11 ಮಿಲಿಗ್ರಾಂ ಡಿಸ್ಪ್ರೋಸಿಯಂ ಆಕ್ಸೈಡ್ ಸೇರಿಸಿದರೆ, ಸಾವಿರ ಕ್ಯಾಲ್ಸಿಯಂ ಅಯಾನುಗಳಿಗೆ ಒಂದು ಡಿಸ್ಪ್ರೋಸಿಯಂ ಅಯಾನು ಸಿಕ್ಕಂತಾಗುತ್ತದೆ. ಎರಡನ್ನೂ ಬಿಸಿಯಾದ ಸಾಂದ್ರ ಸಲ್ಫ್ಯೂರಿಕ್ ಆಮ್ಲದಲ್ಲಿ ಕರಗಿಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ ಆಮ್ಲವನ್ನು ನಿಧಾನವಾಗಿ ಆವಿಯಾಗಿಸುತ್ತೇನೆ. ಆಗ ಏಳುವ ದಟ್ಟ ಬಿಳಿ ಹೊಗೆ ಅಪಾಯಕಾರಿ. ಮಳೆಗಾಲದ ಪಡುಗಾಳಿ ಆ ಹೊಗೆಯನ್ನು ಕೊಳವೆಯಿಂದ ಒಳಕ್ಕೇ ತಳ್ಳುವುದರಿಂದ, ಈ ಹಂತವನ್ನು ದೀಪಾವಳಿಯ ನಂತರ, ಬೆಳಗಿನ ಹೊತ್ತು ನೆಲದಿಂದ ಕಡಲಿನತ್ತ ಗಾಳಿ ಬೀಸುವಾಗ ಮಾತ್ರ ಮಾಡುತ್ತೇನೆ. ಪಾತ್ರೆಯ ತಳದಲ್ಲಿ ಉಳಿಯುವ ಸಣ್ಣ ಹರಳುಗಳನ್ನು, ತೊಳೆದ ನೀರು ನೀಲಿ ಲಿಟ್ಮಸ್ಸನ್ನು ಕೆಂಪಾಗಿಸದಿರುವವರೆಗೆ ತೊಳೆಯಬೇಕು; ಆದರೆ ಕ್ಯಾಲ್ಸಿಯಂ ಸಲ್ಫೇಟ್ ಲೀಟರಿಗೆ ಸುಮಾರು 2 ಗ್ರಾಂ ಕರಗುವುದರಿಂದ ನೀರನ್ನು ಧಾರಾಳವಾಗಿ ಸುರಿಯಬಾರದು. ಆಮ್ಲದ ಲವಲೇಶ ಉಳಿದರೂ ಅದು ಗಾಳಿಯ ತೇವವನ್ನು ಹೀರುತ್ತದೆ. ಕೊನೆಗೆ ಮೂಸೆಯಲ್ಲಿಟ್ಟು 700 ಡಿಗ್ರಿಯಲ್ಲಿ ಎರಡು ಗಂಟೆ ಕಾಯಿಸುತ್ತೇನೆ.

ಡಿಸ್ಪ್ರೋಸಿಯಂ ಅಯಾನುಗಳ ಬೆಳಕು ಹುಟ್ಟುವುದು ಅಯಾನಿನ ಒಳಗಿನ 4ಎಫ್ ಕವಚದ ಎಲೆಕ್ಟ್ರಾನುಗಳಿಂದ. ಹೊರಗಿನ 5ಎಸ್ ಮತ್ತು 5ಪಿ ಕವಚಗಳು ಅವನ್ನು ಮರೆಮಾಡುವುದರಿಂದ, ಯಾವ ಹರಳಿನಲ್ಲಿದ್ದರೂ ಡಿಸ್ಪ್ರೋಸಿಯಂ 480 ನ್ಯಾನೊಮೀಟರ್ ಬಳಿ ನೀಲಿ ಮತ್ತು 575ರ ಬಳಿ ಹಳದಿ ಬೆಳಕನ್ನೇ ಕೊಡುತ್ತದೆ. ಬಣ್ಣ ಹೀಗೆ ಸ್ಥಿರವಾಗಿದ್ದರೂ ಪ್ರಖರತೆ ಸ್ಥಿರವಲ್ಲ. ಡಿಸ್ಪ್ರೋಸಿಯಂ ಬೆಳಕು ಸೂಸುವ ಶಕ್ತಿಮಟ್ಟಕ್ಕೂ ಅದರ ಕೆಳಗಿನ ಮಟ್ಟಕ್ಕೂ ಇರುವ ಅಂತರ, ಶಕ್ತಿಯನ್ನು ಅಳೆಯುವ ತರಂಗಸಂಖ್ಯೆಯಲ್ಲಿ ಹೇಳಿದರೆ, ಪ್ರತಿ ಸೆಂ.ಮೀ.ಗೆ ಸುಮಾರು 7,800. ನೀರಿನ ಓ-ಎಚ್ ಬಂಧದ ಕಂಪನ ಸುಮಾರು 3,400. ಎರಡು ಮೂರು ಕಂಪನಗಳಲ್ಲೇ ಶಕ್ತಿಯೆಲ್ಲ ಶಾಖವಾಗಿ ಸೋರಿಹೋಗಬಲ್ಲದು. ಇನ್ನೊಂದು ವಿರಳ ಲೋಹವಾದ ಯುರೋಪಿಯಂನ ಅಯಾನಿನಲ್ಲಿ ಈ ಅಂತರ 12,000ಕ್ಕಿಂತ ಹೆಚ್ಚಿರುವುದರಿಂದ ಅದು ತೇವವನ್ನು ಹೆಚ್ಚು ತಾಳಿಕೊಳ್ಳುತ್ತದೆ. ಹಾಗಾಗಿ ಹೊಸ ವಿದ್ಯಾರ್ಥಿಗಳಿಗೆ ಮೊದಲು ಯುರೋಪಿಯಂ ಕೊಡುವುದೇ ಸರಿಯೆಂದು ನನ್ನ ಅಭಿಪ್ರಾಯ. ಜುಲೈನಲ್ಲಿ, ಪುಡಿಯನ್ನು ಒಣದಾಗಿಡುವ ಮುಚ್ಚಿದ ಪಾತ್ರೆಯಾದ ಡೆಸಿಕೇಟರಿನಲ್ಲಿ ತೇವ ಹೀರುವ ನೀಲಿ ಸಿಲಿಕಾ ಜೆಲ್ ಬಹುಬೇಗ ಗುಲಾಬಿಯಾಗುತ್ತದೆ. ಅದನ್ನು ಒಣಗಿಸದೆ ಡಿಸ್ಪ್ರೋಸಿಯಂ ಪುಡಿಯನ್ನು ಒಳಗಿಡಲು ನಾನು ಬಿಡುವುದಿಲ್ಲ.

ಮೂರು ಧನ ಆವೇಶದ ಡಿಸ್ಪ್ರೋಸಿಯಂ ಎರಡು ಧನ ಆವೇಶದ ಕ್ಯಾಲ್ಸಿಯಂ ಜಾಗದಲ್ಲಿ ಕೂರುವಾಗ ಹರಳಿನಲ್ಲಿ ಖಾಲಿ ಸ್ಥಾನಗಳು ಉಂಟಾಗಿ ಆವೇಶವನ್ನು ಸರಿದೂಗಿಸುತ್ತವೆ. ಗಾಮಾ ಕಿರಣಗಳು ಬಿಡಿಸಿದ ಆವೇಶಗಳು ಇಂಥ ದೋಷಗಳಲ್ಲಿ ಸಿಕ್ಕಿಕೊಂಡು, ಪುಡಿಯನ್ನು ಸುಮಾರು 220 ಡಿಗ್ರಿಗೆ ಕಾಯಿಸಿದಾಗ ಬಿಡುಗಡೆಯಾಗುತ್ತವೆ. ಆಗ ಹೊಮ್ಮುವುದೂ ಅದೇ ನೀಲಿ ಮತ್ತು ಹಳದಿ ಬೆಳಕು. ಬ್ಯಾಡ್ಜ್ ಓದುವ ಯಂತ್ರ ಅಳೆಯುವುದು ಇದನ್ನೇ.

ಯುರೋಪಿಯಂ ಸೇರಿಸಿದ ಪುಡಿಯಲ್ಲಿ ಇನ್ನೊಂದು ಕುತೂಹಲವಿದೆ. ಅಲ್ಲಿ ಮೂರು ಆವೇಶದ ಅಯಾನು 592 ನ್ಯಾನೊಮೀಟರ್ ಬಳಿ ಕಿತ್ತಳೆ ಮತ್ತು 615ರ ಬಳಿ ಕೆಂಪು ಗೆರೆಗಳನ್ನು ಕೊಟ್ಟರೆ, ಎರಡು ಆವೇಶದ್ದು 385ರ ಸುತ್ತ ಅಗಲವಾದ ನೇರಳೆ ಪಟ್ಟಿಯನ್ನು ಕೊಡುತ್ತದೆ. ಎರಡನೆಯದರಲ್ಲಿ ತೆರೆದಿರುವ 5ಡಿ ಕಕ್ಷೆಯೂ ಪಾಲ್ಗೊಳ್ಳುವುದರಿಂದ ಸುತ್ತಲಿನ ಹರಳಿನ ಪ್ರಭಾವ ಅದರ ಮೇಲೆ ನೇರವಾಗಿ ಬೀಳುತ್ತದೆ. ಕಣ್ಣಿಗೆ ಆ ನೇರಳೆ ಸರಿಯಾಗಿ ಕಾಣದು. ಆದ್ದರಿಂದ ಪ್ರತಿ ಮೂಸೆಯ ಪುಡಿಯನ್ನು ಮೂರು ಆವೇಶದ ಅಯಾನಿಗಾಗಿ ಒಮ್ಮೆ 394, ಎರಡು ಆವೇಶದ್ದಕ್ಕಾಗಿ ಇನ್ನೊಮ್ಮೆ 320 ನ್ಯಾನೊಮೀಟರ್ ಬೆಳಕಿನಿಂದ ಪ್ರಚೋದಿಸಿ, ಎರಡೂ ರೋಹಿತಗಳನ್ನು ಒಂದೇ ಹಾಳೆಯಲ್ಲಿ ಬರೆದಿಡುವ ಪದ್ಧತಿಯನ್ನು ನಾವು ಇಟ್ಟುಕೊಂಡಿದ್ದೇವೆ.