ಕಾರಿನ ಸೆಲ್ಫ್ ಮೋಟಾರ್ ನಾನೇ ಬದಲಿಸಿದೆ

ಮೇ ತಿಂಗಳ ಕಲಬುರಗಿ ಬಿಸಿಲು ಗೊತ್ತಲ್ವಾ? ಒಂದು ಮಧ್ಯಾಹ್ನ ಸೂಪರ್ ಮಾರ್ಕೆಟ್‌ನಲ್ಲಿ ಸಾಮಾನು ತಗೊಂಡು ಬಂದು ಕೀಲಿ ತಿರುಗಿಸಿದೆ. ‘ಟಕ್’ ಅಂತ ಒಂದೇ ಸದ್ದು. ಏಳೆಂಟು ಸಲ ತಿರುಗಿಸಿದ ಮೇಲೆ ಹೇಗೋ ಸ್ಟಾರ್ಟ್ ಆಯಿತು. ವಾರದೊಳಗೆ ಇದು ದಿನಾ ಶುರುವಾಯಿತು. ಪಕ್ಕದ ಮನೆ ಕಾಕಾರು ನೋಡಿ, “ಬ್ಯಾಟರಿ ಹೋಗ್ಯಾದ್ ನೋಡಪ್ಪ, ಬದಲಿ ಮಾಡ್ಸು” ಅಂದರು. ಅಂಗಡಿಯಲ್ಲೂ ಅದನ್ನೇ ಹೇಳಿದರು.

ನನಗೆ ಮನಸ್ಸು ಒಪ್ಪಲಿಲ್ಲ. ಬ್ಯಾಟರಿ ಸೋತಿದ್ದರೆ ಸಾಮಾನ್ಯವಾಗಿ ‘ಟಕಟಕಟಕ’ ಅಂತ ಬಿಡದೆ ಸದ್ದು ಬರುತ್ತದೆ, ಹೆಡ್‌ಲೈಟ್ ಮಂಕಾಗುತ್ತದೆ. ನನ್ನ ಗಾಡಿಯಲ್ಲಿ ಲೈಟು ಸ್ವಲ್ಪವೂ ಕುಗ್ಗುತ್ತಿರಲಿಲ್ಲ. ವೋಲ್ಟ್ ಅಳೆಯುವ ಮಲ್ಟಿಮೀಟರ್ ತಂದು ಬ್ಯಾಟರಿಗೆ ಹಚ್ಚಿದೆ. ಸುಮ್ನೆ ನಿಂತಾಗ 12.6 ವೋಲ್ಟ್. ಗೇರು ನ್ಯೂಟ್ರಲ್ ಮಾಡಿ ಮಗಳು ಕೀಲಿ ತಿರುಗಿಸಿದಾಗ 12.3. ಸೆಲ್ಫ್ ಹೊಡೆಯುವಾಗ, ಎಂಜಿನ್ ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರ್ ನೂರಕ್ಕೂ ಜಾಸ್ತಿ ಆಂಪಿಯರ್ ಎಳೆಯುತ್ತದೆ. ಒಳ್ಳೆ ಬ್ಯಾಟರಿಯೂ 10-11 ವೋಲ್ಟ್‌ಗೆ ಇಳಿಯಬೇಕು. ಇಳಿದಿಲ್ಲ ಅಂದರೆ ಆ ಕರೆಂಟು ಮೋಟಾರಿಗೆ ಹೋಗಿಯೇ ಇಲ್ಲ.

ಎಲ್ಲಿ ನಿಂತಿದೆ? ಕೀಲಿ ತಿರುಗಿಸಿದಾಗ ಬ್ಯಾಟರಿಯ ಕರೆಂಟನ್ನು ಮೋಟಾರಿಗೆ ಕೂಡಿಸುವ ಸ್ವಿಚ್ಚೇ ಸೋಲೆನಾಯ್ಡ್. ಮೋಟಾರಿನ ಮೇಲೆ ಕೂತಿರುವ ಅದಕ್ಕೆ ಮೂರು ಕಡೆ ಜೋಡಣೆ ಇರುತ್ತದೆ. ಬ್ಯಾಟರಿಯಿಂದ ನೇರ ಬರುವ ದಪ್ಪ ವೈರು, ಕೀಲಿಯಿಂದ ಬರುವ ಸಣ್ಣ ವೈರು, ಮೋಟಾರಿನೊಳಗೆ ಹೋಗುವ ವೈರು. ಮೀಟರಿನ ಕಪ್ಪು ತುದಿಯನ್ನು ಮೋಟಾರಿನ ಬಾಡಿಗೇ ಒತ್ತಿ ಹಿಡಿದೆ, ಅರ್ತ್ (ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಸರಿ ಇದೆಯಾ ಅನ್ನುವುದೂ ತಿಳಿಯಲಿ ಅಂತ. ಕೀಲಿ ತಿರುಗಿಸಿದಾಗ ದಪ್ಪ ವೈರಲ್ಲಿ 12.2, ಸಣ್ಣ ವೈರಲ್ಲಿ 11.8. ಮೋಟಾರಿನ ಕಡೆ ಅರ್ಧ ವೋಲ್ಟೂ ಇಲ್ಲ! ಸೋಲೆನಾಯ್ಡ್ ಎಳೆಯುತ್ತಿದೆ, ಆ ‘ಟಕ್’ ಅದರದ್ದೇ. ಒಳಗಿನ ತಾಮ್ರದ ಕಾಂಟ್ಯಾಕ್ಟ್ ಕೂಡುತ್ತಿಲ್ಲ. ಹೊಸ ಬ್ಯಾಟರಿ ಹಾಕಿಸಿದ್ದರೂ ಅದೇ ‘ಟಕ್’ ಕೇಳುತ್ತಿದ್ದೆ.

ಬಿಚ್ಚುವಾಗ ಬ್ಯಾಟರಿಯ ನೆಗೆಟಿವ್ ಮೊದಲು ತೆಗೆಯಲೇಬೇಕು. ಕೀಲಿ ಆಫ್ ಇದ್ದರೂ ಆ ದಪ್ಪ ವೈರಲ್ಲಿ ಕರೆಂಟು ಇರುತ್ತದೆ, ಪಾನಾ ಬಾಡಿಗೆ ತಾಗಿದರೆ ಬೆಂಕಿ ಹಾರುತ್ತದೆ. ನಮ್ಮ ಅಂಗಳಕ್ಕೆ ಶಹಾಬಾದ್ ಫರ್ಸಿ ಹಾಸಿದೆ. ಭಾರವೆಲ್ಲ ಒಂದೇ ಕಡೆ ಬಿದ್ದರೆ ಕಲ್ಲು ಒಡೆದೀತು ಅಂತ, ಗಾಡಿ ಎತ್ತಿ ನಿಲ್ಲಿಸುವ ಸ್ಟ್ಯಾಂಡ್ ಕೆಳಗೆ ದಪ್ಪ ಹಲಗೆ ಇಟ್ಟೆ. ಮೋಟಾರಿಗೆ ಇರುವುದು ಎರಡೇ ಬೋಲ್ಟು. ಮೇಲಿನದಕ್ಕೆ ಮಾತ್ರ ಅರ್ಧ ಗಂಟೆ ಹಿಡಿಯಿತು.

ಬಿಚ್ಚಿ ನೋಡಿದರೆ ತಾಮ್ರ ಸುಟ್ಟು ಒಂದು ಕಡೆ ಪೂರ್ತಿ ಸವೆದಿತ್ತು. ಸೋಲೆನಾಯ್ಡ್ ಒಂದನ್ನೇ ಹಾಕಬಹುದಿತ್ತು. ಆದರೆ ಮೋಟಾರಿನೊಳಗೆ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ಕಾರ್ಬನ್‌ಗಳೂ ಸವೆದು ಸಣ್ಣಗಾಗಿದ್ದವು. ಮತ್ತೆ ಆರು ತಿಂಗಳಿಗೆ ಇದೇ ಕೆಲಸ ಬೇಡ ಅಂತ ಇಡೀ ಮೋಟಾರ್ ತಂದೆ. ಅಂಗಡಿಯಲ್ಲೇ ಹಳೆಯದನ್ನು ಪಕ್ಕಕ್ಕಿಟ್ಟು ಗೇರಿನ ಹಲ್ಲು ಎಣಿಸಿದೆ, ಬೋಲ್ಟಿನ ತೂತು ಹೊಂದಿಸಿ ನೋಡಿದೆ. ಇದನ್ನು ದಯವಿಟ್ಟು ಬಿಡಬೇಡಿ. ಮೋಟಾರ್ ಕೂರುವ ಜಾಗವನ್ನು ಸ್ಯಾಂಡ್ ಪೇಪರಿನಲ್ಲಿ ಹೊಳೆಯುವ ಹಾಗೆ ಉಜ್ಜಿದೆ. ಅದಕ್ಕೆ ಅರ್ತ್ ಸಿಗುವುದು ಅಲ್ಲಿಂದಲೇ.

ನೆಗೆಟಿವ್ ಕೊನೆಗೆ ಹಾಕಿ, ಮೀಟರ್ ಮತ್ತೆ ಹಚ್ಚಿ, “ಸೆಲ್ಫ್ ಹೊಡಿಯವ್ವ” ಅಂದೆ. 10.7ಕ್ಕೆ ಇಳಿಯಿತು, ಎಂಜಿನ್ ಹಿಡಿಯಿತು, 14.1ಕ್ಕೆ ಏರಿತು. ಮರುದಿನ ಮಧ್ಯಾಹ್ನ ಬಿಸಿಲಲ್ಲೇ ಗಾಡಿ ನಿಲ್ಲಿಸಿ, ಎಂಜಿನ್ ಬಿಸಿ ಇದ್ದಾಗಲೇ ಹತ್ತು ಸಲ ಹೊಡೆದು ನೋಡಿದೆ. ಹತ್ತೂ ಸಲ ಹಿಡಿಯಿತು. ನಾಲ್ಕು ವರ್ಷದ ಆ ಬ್ಯಾಟರಿ ಈಗಲೂ ಗಾಡಿಯಲ್ಲೇ ಇದೆ.