ಅಮ್ಮಮ್ಮನ ಬದುಕನ್ನು ಬರೆದಿಡುವುದು ಹೇಗೆ

"ಅಮ್ಮಮ್ಮ, ನಿನ್ನ ಕಥೆ ಹೇಳು" ಎಂದು ಕೇಳಬೇಡಿ. ನಾನು ಹಾಗೇ ಕೇಳಿದ್ದೆ. "ನಂದೆಂಥ ಕಥೆ ಮಗಾ, ಎದ್ದೆ, ಬೇಯಿಸಿದೆ, ಮಲಗಿದೆ" ಅಂದಳು. ಮಾತು ಅಲ್ಲಿಗೇ ನಿಂತಿತು. ಮರುದಿನ ಅಟ್ಟದಿಂದ ಉಪ್ಪಿನಕಾಯಿ ಭರಣಿ ಇಳಿಸಿ ಮುಂದಿಟ್ಟೆ. "ಇದು ಎಲ್ಲಿಂದ ಬಂತು?" ಅಂದೆ. ಎರಡು ಗಂಟೆ ಮಾತಾಡಿದಳು.

ಅದು ಮುಳುಗಡೆಯಾದ ಊರಿನ ಭರಣಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು, ಶರಾವತಿ ಕಣಿವೆಯ ಎಷ್ಟೋ ಊರುಗಳು ನೀರಿನಡಿ ಹೋದವು. ಹೊರಡುವ ಮುಂಚೆ ಅವಳು ಹೊಳೆದಂಡೆಯ ಮರದಿಂದ ಕೊನೆಯ ಸಲ ಅಪ್ಪೆಮಿಡಿ, ಅಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವಿನಕಾಯಿ, ಕೊಯ್ಯಿಸಿದ್ದಳು. ತೊಟ್ಟು ಮುರಿಯದ ಹಾಗೆ, ನೆಲಕ್ಕೆ ಬೀಳದ ಹಾಗೆ. ಹರಳುಪ್ಪಲ್ಲಿ ಹಾಕಿದ ಆ ಭರಣಿಯನ್ನು ಮಡಿಲಲ್ಲಿಟ್ಟುಕೊಂಡು ಲಾರಿ ಹತ್ತಿದಳಂತೆ. ಪಕ್ಕದಲ್ಲಿ ನನ್ನ ಅಮ್ಮ, ಎರಡು ವರ್ಷದ ಕೂಸು. ಚಿಕ್ಕಂದಿನಿಂದ ನೋಡಿದ ಭರಣಿ, ನನಗೆ ಇದು ಗೊತ್ತೇ ಇರಲಿಲ್ಲ.

ಹಾಗಾಗಿ ವಸ್ತುವಿನಿಂದ ಶುರು ಮಾಡಿ. ಒರಳು, ಟ್ರಂಕು, ಹಳೇ ಸೀರೆ, ಯಾವುದಾದರೂ ಸರಿ. ದಿನಕ್ಕೆ ಒಂದೇ ಸಾಕು.

ಇಸವಿ ಕೇಳಬೇಡಿ. ಆಧಾರ್ ಕಾರ್ಡನ್ನೂ ಪೂರ್ತಿ ನಂಬಬೇಡಿ. ಅವಳದರಲ್ಲಿ ಹುಟ್ಟಿದ ದಿನ ಜನವರಿ 1 ಅಂತಿತ್ತು, ಅದು ಯಾರೋ ಅಂದಾಜಿಗೆ ಬರೆದದ್ದು. ಊರಿಗೆಲ್ಲ ಗೊತ್ತಿರುವ ಸಂಗತಿಗೆ ಗಂಟು ಹಾಕಿ ಕೇಳಿ. ಜೋಗದಲ್ಲಿ ಕರೆಂಟು ಶುರುವಾದಾಗ ಯಾವ ಕ್ಲಾಸು? ಅದು 1948. "ಎರಡನೇ ಕ್ಲಾಸು" ಅಂದಳು. ಆಣೆ ಹೋಗಿ ನಯಾಪೈಸೆ ಬಂದಾಗ, ಅಂದರೆ 1957ರಲ್ಲಿ, ಮದುವೆ ಆಗಿತ್ತಾ? 1973ರಲ್ಲಿ ಮೈಸೂರು ರಾಜ್ಯ ಕರ್ನಾಟಕ ಆದಾಗ ಮನೇಲಿ ಯಾರ್ಯಾರಿದ್ದರು? ಹೀಗೇ ಕೇಳುತ್ತಾ ಅವಳು ಹುಟ್ಟಿದ್ದು 1940ರ ಆಸುಪಾಸು ಅಂತ ಸಿಕ್ಕಿತು.

ರೆಕಾರ್ಡ್ ಮಾಡುವಾಗ ಅವಳ ಕೈಗೆ ಕೆಲಸವಿರಲಿ. ಬೀನ್ಸ್ ನಾರು ತೆಗೆಯುವಾಗ ಬಂದ ಮಾತು ಕುರ್ಚಿ ಮೇಲೆ ಕೂರಿಸಿದಾಗ ಬರಲಿಲ್ಲ. ಫ್ಯಾನ್ ಆರಿಸಿ. ಮಡಚಿದ ಟವೆಲ್ ಮೇಲೆ ಫೋನಿಡಿ. ಅವಳು ಸುಮ್ಮನಾದರೆ ನೀವೂ ಸುಮ್ಮನಿರಿ, ಮುಂದಿನ ಮಾತು ಅಲ್ಲಿಂದಲೇ ಬರುತ್ತದೆ. ಅವತ್ತೇ ತಾರೀಖು, ವಿಷಯ ಹಾಕಿ ಇನ್ನೆರಡು ಕಡೆ ಕಾಪಿ ಮಾಡಿ. ನನ್ನ ಮೊದಲ ಮೂರು ರೆಕಾರ್ಡಿಂಗ್ ಫೋನು ಕೆಟ್ಟಾಗ ಹೋದವು. ಈಗಲೂ ಸಂಕಟವಾಗುತ್ತದೆ.

ಅಡುಗೆ ಬರೆದುಕೊಳ್ಳುವಾಗ "ಒಂದು ಹಿಡಿ" ಅಂದರೆ ಅಲ್ಲೇ ತಕ್ಕಡಿಯಲ್ಲಿ ಹಾಕಿಸಿ. ಅಮ್ಮಮ್ಮನ ಒಂದು ಹಿಡಿ ಉಪ್ಪು 46 ಗ್ರಾಂ. ನನ್ನದು 60. ಇಷ್ಟು ದಿನ ನನ್ನ ಉಪ್ಪಿನಕಾಯಿ ಯಾಕೆ ಕೈಕೊಡುತ್ತಿತ್ತು ಅಂತ ಆಗ ತಿಳಿಯಿತು.

ಫೋಟೋ ಹಿಂದೆ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ, ಅಂಚಿನಲ್ಲಿ ಹಗುರವಾಗಿ. ಪೆನ್ನಿನ ಶಾಯಿ ಮುಂದಕ್ಕೆ ಮೂಡುತ್ತದೆ. ಆಲ್ಬಮ್ಮಿಗೆ ಅಂಟಿದ ಫೋಟೋ ಕೀಳಬೇಡಿ. ಕಿಟಕಿ ಬೆಳಕಲ್ಲಿ, ಫ್ಲ್ಯಾಶ್ ಇಲ್ಲದೆ ಫೋನಲ್ಲಿ ತೆಗೆದುಕೊಳ್ಳಿ.

ಆದರೆ ಅವಳ ಕಾಲಲ್ಲಿ ಶಕ್ತಿ ಇರುವಾಗಲೇ ಹಳೇ ಜಾಗಕ್ಕೆ ಕರೆದೊಯ್ಯಿರಿ. ಇದೊಂದನ್ನು ಮಾತ್ರ ಮುಂದೂಡಬೇಡಿ. ನೀರು ತುಂಬಾ ಇಳಿದ ಬೇಸಿಗೆಯಲ್ಲಿ ಲಿಂಗನಮಕ್ಕಿಯ ಹಿನ್ನೀರಿನಿಂದ, ಅದಕ್ಕೂ ಮುಂಚೆ ಕಟ್ಟಿ ಆಮೇಲೆ ಮುಳುಗಿದ ಹಳೇ ಮಡೆನೂರು ಅಣೆಕಟ್ಟು ಮೇಲೆ ಕಾಣುತ್ತದೆ. ಅಂಥದ್ದೊಂದು ಮೇ ತಿಂಗಳಲ್ಲಿ ನಾವು ಹೋಗಿದ್ದೆವು. ಒಡೆದ ಕೆಸರಿನ ಮೇಲೆ ನಿಂತು "ಇಲ್ಲಿ ತುಳಸಿಕಟ್ಟೆ, ಅಲ್ಲಿ ಬಚ್ಚಲು, ಆಚೆ ಅಪ್ಪೆಮರ" ಅಂತ ತೋರಿಸಿದಳು. ಅವಳು ಬೆರಳು ತೋರಿದ ಹಾಗೇ ನಾನು ನಕ್ಷೆ ಬರೆದೆ. ನಮ್ಮ ಮನೆಯಲ್ಲಿ ಆ ಊರಿನ ಗುರುತು ಅಂತ ಇರುವುದು ಆ ಭರಣಿ ಮತ್ತು ಆ ಒಂದು ಹಾಳೆ.

ಅಜ್ಜಿ ಈಗಾಗಲೇ ಹೋಗಿದ್ದಾರಾ? ವೈಕುಂಠ ಸಮಾರಾಧನೆಗೆ ನೆಂಟರೆಲ್ಲ ಸೇರುತ್ತಾರಲ್ವಾ, ಅವತ್ತು ಊಟದ ನಂತರ ಪುಸ್ತಕ ಹಿಡಿದು ಕೂರಿ. "ಒಳ್ಳೆಯವರಾಗಿದ್ದರು" ಅನ್ನುವುದನ್ನು ಎಲ್ಲರೂ ಹೇಳುತ್ತಾರೆ. "ನಿಮಗೆ ಯಾವಾಗ ಬೈದಿದ್ದರು?" ಅಂತ ಕೇಳಿ. ನಮ್ಮ ಮಾವ ಅದಕ್ಕೆ ಉತ್ತರ ಹೇಳುತ್ತಾ ಅತ್ತುಬಿಟ್ಟರು.

ಉತ್ತರ ಸಿಗದ ಪ್ರಶ್ನೆಗಳಿಗೆ ಕೊನೆಯ ಪುಟ ಇಡಿ. ನನ್ನದರಲ್ಲಿ ಇನ್ನೂ ಹನ್ನೊಂದು ಬಾಕಿ ಇವೆ. ಅಮ್ಮಮ್ಮನ ತಂಗಿ ತಾಳಗುಪ್ಪದಲ್ಲಿದ್ದಾರೆ. ಈ ದೀಪಾವಳಿಗೆ ಭರಣಿ ತೆಗೆದುಕೊಂಡು ಅಲ್ಲಿಗೆ ಹೋಗುತ್ತಿದ್ದೇನೆ.