ಎರಡನೇ ಟಿವಿ ಕೊಳ್ಳುವ ಮುನ್ನ: ಒಳಗೇ ಟ್ಯೂನರ್ ಬೇಕೇ, ಬೇಡವೇ?

ಎರಡನೇ ಟಿವಿಗೆಂದು ಅಂಗಡಿಗೆ ಹೋದವರು ಮೊದಲು ಕೇಳುವುದು ಎಷ್ಟು ಇಂಚು, ಆಮೇಲೆ ಎಷ್ಟು ರೂಪಾಯಿ. ಅದಕ್ಕೂ ಮುಂಚೆ ಮನೆಯಲ್ಲೇ ಕೂತು ತೀರ್ಮಾನಿಸಬೇಕಾದ ಸಂಗತಿ ಒಂದಿದೆ: ಹೊಸ ಟಿವಿ ಇಡುವ ಕೋಣೆಗೆ ವಾಹಿನಿಗಳು ಯಾವ ದಾರಿಯಲ್ಲಿ ಬರುತ್ತವೆ? ಕೇಬಲ್, ತಿಂಗಳ ಹಣ ಕಟ್ಟುವ ಡಿಟಿಎಚ್, ದೂರದರ್ಶನದ ಉಚಿತ ಉಪಗ್ರಹ ಸೇವೆಯಾದ ಡಿಡಿ ಫ್ರೀ ಡಿಶ್, ಇಂಟರ್‌ನೆಟ್ ಇವುಗಳಲ್ಲಿ ಯಾವುದು ಎಂದು ನಿಕ್ಕಿಯಾದರೆ ಟ್ಯೂನರ್ ಪ್ರಶ್ನೆಗೆ ಉತ್ತರ ತಾನಾಗಿ ಸಿಗುತ್ತದೆ. ನಿಕ್ಕಿ ಮಾಡದೆ ಕೊಂಡವರು ಬೇಡದ ಟ್ಯೂನರ್‌ಗೆ ಹಣ ಕೊಟ್ಟಿರುತ್ತಾರೆ, ಇಲ್ಲವೇ ಬೇಕಾದದ್ದು ಇಲ್ಲವೆಂದು ಮನೆಗೆ ಬಂದ ಮೇಲೆ ತಿಳಿದು ಮತ್ತೊಂದು ಬಾಕ್ಸ್ ಹುಡುಕುತ್ತಾರೆ.

ಟ್ಯೂನರ್ ಮಾಡುವ ಕೆಲಸ

ತಂತಿಯಲ್ಲಿ ಒಟ್ಟಿಗೆ ಬರುವ ನೂರಾರು ವಾಹಿನಿಗಳಿಂದ ನಿಮಗೆ ಬೇಕಾದ ಒಂದನ್ನು ಹೆಕ್ಕಿ ಕೊಡುವ ಭಾಗವೇ ಟ್ಯೂನರ್. ಸೆಟ್‌ಟಾಪ್ ಬಾಕ್ಸ್ ಇದ್ದಲ್ಲಿ ಈ ಕೆಲಸವನ್ನು ಬಾಕ್ಸೇ ಮಾಡುತ್ತದೆ. ಟಿವಿ ಆಗ ಎಚ್‌ಡಿಎಂಐ ತಂತಿಯಲ್ಲಿ ಬಂದ ಚಿತ್ರವನ್ನು ತೋರಿಸುವ ಪರದೆಯಷ್ಟೇ, ಅದರೊಳಗಿನ ಟ್ಯೂನರ್ ಸುಮ್ಮನೆ ಕೂತಿರುತ್ತದೆ.

ವಿವರಪಟ್ಟಿಯಲ್ಲಿ ‘ಟ್ಯೂನರ್ ಇದೆ’ ಎಂದಿದ್ದರೆ ಸಾಲದು, ಯಾವ ಬಗೆಯದು ಎಂದು ನೋಡಬೇಕು. ಬಗೆ ನಾಲ್ಕು.

ಅನಲಾಗ್ ಟ್ಯೂನರ್ ಹಳೆಯ ಕಾಲದ್ದು. ಕೇಬಲ್ ಡಿಜಿಟಲ್ ಆಗಲು ಬೆಂಗಳೂರು, ಮೈಸೂರಿಗೆ ಕೊಟ್ಟ ಗಡುವು 2013ರ ಮಾರ್ಚ್ 31. ಉಳಿದ ಊರುಗಳಿಗೆ ಕೊನೆಯ ಗಡುವು 2017ರ ಮಾರ್ಚ್ 31. ದೂರದರ್ಶನವೂ ತನ್ನ ಅನಲಾಗ್ ಟ್ರಾನ್ಸ್‌ಮಿಟರ್‌ಗಳಲ್ಲಿ ಬೆರಳೆಣಿಕೆಯಷ್ಟನ್ನು ಉಳಿಸಿಕೊಂಡು ಮಿಕ್ಕವನ್ನು ಮುಚ್ಚಿತು. ಹಾಗಾಗಿ ಮಾಳಿಗೆಯ ಮೇಲಿನ ಮೀನಿನ ಮುಳ್ಳಿನಂಥ ಆಂಟೆನಾಗೆ ಈಗ ಬಹುತೇಕ ಕೆಲಸವಿಲ್ಲ, ಅನಲಾಗ್ ಟ್ಯೂನರ್‌ಗೂ ಮನೆಯಲ್ಲಿ ಕೆಲಸವಿಲ್ಲ. ಲಾಡ್ಜ್, ಪಿಜಿಗಳಲ್ಲಿ ಒಂದೇ ಕಡೆ ಬಾಕ್ಸ್‌ಗಳನ್ನಿಟ್ಟು ಮಾಡ್ಯುಲೇಟರ್ (ಬಾಕ್ಸ್‌ನ ಚಿತ್ರವನ್ನು ಆಂಟೆನಾ ತಂತಿಯ ಸಂಕೇತವಾಗಿಸುವ ಸಾಧನ) ಮೂಲಕ ಕೋಣೆಗಳಿಗೆ ತಂತಿ ಎಳೆದಿದ್ದರೆ ಮಾತ್ರ ಅದು ಬೇಕಾದೀತು.

ಡಿವಿಬಿ-ಸಿ ಎಂಬುದು ಕೇಬಲ್‌ಗೆ. ನಮ್ಮ ಕೇಬಲ್‌ನವರು ವಾಹಿನಿಗಳನ್ನು ಗೂಢಲಿಪಿಯಲ್ಲಿ ಕಳಿಸುತ್ತಾರೆ, ಅದನ್ನು ಬಿಡಿಸುವ ಕೀಲಿ ಅವರು ಕೊಟ್ಟ ಬಾಕ್ಸ್‌ನಲ್ಲಿರುತ್ತದೆ. ಕೇಬಲ್ ತಂತಿಯನ್ನು ನೇರವಾಗಿ ಟಿವಿಗೆ ಸಿಕ್ಕಿಸಿ ‘ಆಟೊ ಸ್ಕ್ಯಾನ್’ ಕೊಟ್ಟರೆ ಹೆಸರುಗಳ ದೊಡ್ಡ ಪಟ್ಟಿ ಬರಬಹುದು, ತೆರೆದರೆ ಪರದೆ ಕಪ್ಪು. ಟಿವಿ ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಒಯ್ಯಬೇಡಿ, ಅದು ಕೆಟ್ಟಿರುವುದಿಲ್ಲ.

ಡಿವಿಬಿ-ಟಿ2 ಗಾಳಿಯಲ್ಲಿ ಬರುವ ಡಿಜಿಟಲ್ ಪ್ರಸಾರಕ್ಕೆ. ದೂರದರ್ಶನ ಇದನ್ನು 2016ರ ಫೆಬ್ರವರಿಯಲ್ಲಿ ಬೆಂಗಳೂರೂ ಸೇರಿ 16 ನಗರಗಳಲ್ಲಿ ಶುರುಮಾಡಿತು. ಸಿಗುವುದು ದೂರದರ್ಶನದ ಕೆಲವೇ ವಾಹಿನಿಗಳು, ಅದೂ ಟ್ರಾನ್ಸ್‌ಮಿಟರ್ ಹತ್ತಿರದವರಿಗೆ. ಇದೊಂದನ್ನೇ ನಂಬಿ ಟಿವಿ ಕೊಳ್ಳಬಾರದು.

ನಾಲ್ಕನೆಯದು ಉಪಗ್ರಹದ ಟ್ಯೂನರ್, ಡಿವಿಬಿ-ಎಸ್2. ಬಾಕ್ಸ್ ಇಲ್ಲದೆ, ತಿಂಗಳ ಬಾಡಿಗೆ ಇಲ್ಲದೆ ಟಿವಿ ನೋಡಿಸುವ ಶಕ್ತಿ ಇರುವುದು ಇದಕ್ಕೆ. ಇಂಥ ಟಿವಿಗಳಿಗೆಂದೇ ಭಾರತೀಯ ಮಾನಕ ಬ್ಯೂರೊ ಐಎಸ್ 18112:2022 ಎಂಬ ಮಾನಕ ಹೊರಡಿಸಿದೆ. ಡಿಶ್‌ನ ತಂತಿಯನ್ನು ನೇರ ಟಿವಿಗೆ ಸಿಕ್ಕಿಸಿ ಉಚಿತ ವಾಹಿನಿ ನೋಡುವಂತಿರಬೇಕು ಎಂಬುದು ಅದರ ತಿರುಳು.

ಅಂಗಡಿಯಲ್ಲಿ ಇದನ್ನು ಗುರುತಿಸಲು ಟಿವಿಯ ಬೆನ್ನು ನೋಡಿ. ಒತ್ತಿ ಸಿಕ್ಕಿಸುವ ನುಣುಪು ಕಿಂಡಿ ಮಾತ್ರ ಇದ್ದರೆ ಅದು ಆಂಟೆನಾ ಅಥವಾ ಕೇಬಲ್‌ಗೆ. ತಿರುಪು ಗೆರೆಗಳಿರುವ, ತಿರುಗಿಸಿ ಬಿಗಿ ಮಾಡುವ ಎಫ್ ಕನೆಕ್ಟರ್ ಇದ್ದು, ಪಕ್ಕದಲ್ಲಿ ‘ಎಲ್‌ಎನ್‌ಬಿ’ (ಡಿಶ್‌ನ ತೋಳಿನ ತುದಿಯಲ್ಲಿದ್ದು ಸಂಕೇತ ಹಿಡಿಯುವ ಭಾಗ) ಅಥವಾ ‘ಸ್ಯಾಟಲೈಟ್’ ಎಂದು, ಜೊತೆಗೆ 13/18 ವೋಲ್ಟ್ ಎಂದು ಬರೆದಿದ್ದರೆ ಅದು ಉಪಗ್ರಹ ಟ್ಯೂನರ್. ಮಾರಾಟಗಾರರ ಬಾಯಿಮಾತಿಗಿಂತ ಈ ಕಿಂಡಿಯನ್ನು ನಂಬಿ.

ನಿಮಗೆ ಬೇಕೇ?

ಮನೆಯಲ್ಲಿ ನೋಡುವುದು ಧಾರಾವಾಹಿ, ರಿಯಾಲಿಟಿ ಶೋ ಎಂದಾದರೆ ಟ್ಯೂನರ್ ಬೇಡ. ಜೀ ಕನ್ನಡ, ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ, ಉದಯ ಇವೆಲ್ಲ ಹಣ ಕಟ್ಟಿ ನೋಡುವ ವಾಹಿನಿಗಳು. ಕೇಬಲ್ ಅಥವಾ ಡಿಟಿಎಚ್ ಬಾಕ್ಸ್ ಬೇಕೇ ಬೇಕು. ಎರಡೂ ಟಿವಿಯಲ್ಲಿ ಬೇರೆಬೇರೆ ವಾಹಿನಿ ಬೇಕೆಂದರೆ ಎರಡನೇ ಬಾಕ್ಸ್ ತರಬೇಕು. ಎರಡನೇ ಟಿವಿಯ ನೆಟ್‌ವರ್ಕ್ ಶುಲ್ಕ (ವಾಹಿನಿಗಳ ಬೆಲೆ ಬಿಟ್ಟು ಸಂಪರ್ಕಕ್ಕೆಂದೇ ಕಟ್ಟುವ ಹಣ) ಮೊದಲನೆಯದರ ಶೇ 40 ಮೀರಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರಲ್ಲಿ ನಿಯಮ ಮಾಡಿತ್ತು. 2024ರ ಜುಲೈನಲ್ಲಿ ಈ ಶುಲ್ಕದ ಮಿತಿಯನ್ನೇ ತೆಗೆದು ಬೆಲೆ ನಿಗದಿಯನ್ನು ಕಂಪನಿಗಳಿಗೆ ಬಿಟ್ಟಿತು. ಆದ್ದರಿಂದ ಟಿವಿ ಕೊಳ್ಳುವ ಮೊದಲೇ ನಿಮ್ಮ ಕೇಬಲ್‌ನವರನ್ನೋ ಡಿಟಿಎಚ್ ಕಂಪನಿಯನ್ನೋ ‘ಎರಡನೇ ಕನೆಕ್ಷನ್‌ಗೆ ತಿಂಗಳಿಗೆ ಎಷ್ಟು’ ಎಂದು ಕೇಳಿ. ಮೂರು ವರ್ಷದಲ್ಲಿ ಆ ಮೊತ್ತ ಎಷ್ಟಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ.

ಟ್ಯೂನರ್ ನಿಜಕ್ಕೂ ಉಪಯೋಗಕ್ಕೆ ಬರುವುದು ಹಿರಿಯರ ಕೋಣೆಯಲ್ಲಿ. ಚಂದನದ ಕಾರ್ಯಕ್ರಮ, ವಾರ್ತೆ, ಹಿಂದಿಯ ಹಳೆಯ ಸಿನಿಮಾ ಸಾಕು ಎನ್ನುವ ಅಜ್ಜ ಅಜ್ಜಿಗೆ ಫ್ರೀ ಡಿಶ್ ಧಾರಾಳವಾಯಿತು. ಅದಕ್ಕಿಂತ ದೊಡ್ಡ ಲಾಭ ರಿಮೋಟ್‌ನದು. ಬಾಕ್ಸ್‌ಗೊಂದು, ಟಿವಿಗೊಂದು ರಿಮೋಟ್ ಇದ್ದಾಗ ಟಿವಿಯ ರಿಮೋಟ್‌ನಲ್ಲಿ ಎಲ್ಲೋ ಒತ್ತಿ ‘ನೋ ಸಿಗ್ನಲ್’ ಬಂದರೆ ಅವರಿಗೆ ದಾರಿ ತಿಳಿಯುವುದಿಲ್ಲ. ಯಾರಾದರೂ ಮನೆಗೆ ಬರುವ ತನಕ ಟಿವಿ ಬಂದ್. ಒಳಗೇ ಟ್ಯೂನರ್ ಇದ್ದರೆ ಒಂದೇ ರಿಮೋಟ್, ಒಂದೇ ಪ್ಲಗ್. ಈ ಒಂದು ಕಾರಣಕ್ಕೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

ಕರೆಂಟಿನ ಲೆಕ್ಕದಲ್ಲೂ ಬಾಕ್ಸ್ ಇಲ್ಲದಿರುವುದು ಮೇಲು. 40 ವ್ಯಾಟ್‌ನ ಟಿವಿ ದಿನಕ್ಕೆ 4 ಗಂಟೆ ಉರಿದರೆ ತಿಂಗಳಿಗೆ 5 ಯೂನಿಟ್‌ಗೂ ಕಡಿಮೆ. ರಿಮೋಟ್‌ನಲ್ಲಷ್ಟೇ ಆರಿಸಿ ಬಿಟ್ಟ ಬಾಕ್ಸ್ 10 ವ್ಯಾಟ್ ಎಳೆಯುತ್ತದೆ ಎಂದು ಹಿಡಿದರೂ ತಿಂಗಳಿಗೆ 7 ಯೂನಿಟ್ ದಾಟುತ್ತದೆ. ಬಾಕ್ಸ್ ಇರುವವರು ರಾತ್ರಿ ಗೋಡೆಯ ಸ್ವಿಚ್ಚನ್ನೇ ಆರಿಸಿ.

ಫ್ರೀ ಡಿಶ್ ಜೋಡಿಸುವ ಕ್ರಮ

ಬೇಕಾದದ್ದು: ಕು ಬ್ಯಾಂಡ್ ಡಿಶ್ (ಡಿಟಿಎಚ್‌ಗೆ ಬಳಸುವ ಸಣ್ಣ ಡಿಶ್), ಯೂನಿವರ್ಸಲ್ ಎಲ್‌ಎನ್‌ಬಿ, ಆರ್‌ಜಿ-6 ತಂತಿ, ಎರಡು ಎಫ್ ಕನೆಕ್ಟರ್. ಅಗ್ಗವೆಂದು ತೆಳುವಾದ ಆರ್‌ಜಿ-59 ತರಬೇಡಿ. ಉಪಗ್ರಹದ ಸಂಕೇತ ತಂತಿಯಲ್ಲಿ 950ರಿಂದ 2150 ಮೆಗಾಹರ್ಟ್ಸ್‌ನಲ್ಲಿ ಹರಿಯುತ್ತದೆ, ತೆಳು ತಂತಿಯಲ್ಲಿ ದಾರಿಯಲ್ಲೇ ಸೊರಗುತ್ತದೆ. ತಂತಿ 30 ಮೀಟರ್ ಒಳಗಿರಲಿ, ನಡುವೆ ಗಂಟು ಹಾಕಿ ಸೇರಿಸಬೇಡಿ.

ಫ್ರೀ ಡಿಶ್ ಬರುವುದು ಪೂರ್ವ ರೇಖಾಂಶ 93.5 ಡಿಗ್ರಿಯಲ್ಲಿರುವ ಜಿಸ್ಯಾಟ್-15ರಿಂದ. ಬೆಂಗಳೂರಿನಿಂದ ನೋಡಿದರೆ ಅದು ಉತ್ತರದಿಂದ ಪ್ರದಕ್ಷಿಣೆಯಾಗಿ ಎಣಿಸಿ 128 ಡಿಗ್ರಿಯಲ್ಲಿ, ಅಂದರೆ ಹೆಚ್ಚುಕಡಿಮೆ ಆಗ್ನೇಯ ಮೂಲೆಗೆ, ದಿಗಂತದಿಂದ 66 ಡಿಗ್ರಿ ಎತ್ತರದಲ್ಲಿದೆ. ಶಿವಮೊಗ್ಗದಿಂದ 127 ಡಿಗ್ರಿ ದಿಕ್ಕು, 64 ಡಿಗ್ರಿ ಎತ್ತರ. ಕಲಬುರಗಿಯಿಂದ 135 ಡಿಗ್ರಿ, 62 ಡಿಗ್ರಿ. ಡಿಶ್ ಇಷ್ಟು ಮೇಲಕ್ಕೆ ನೋಡುತ್ತಿರುವಂತೆ ಕಣ್ಣಿಗೆ ಕಾಣುವುದಿಲ್ಲ. ಮನೆಗಳ ಡಿಶ್ ಓರೆ ರಚನೆಯದು, ಅದರ ಮುಖ ನಿಜವಾದ ಎತ್ತರಕ್ಕಿಂತ ಸುಮಾರು 25 ಡಿಗ್ರಿ ಕೆಳಕ್ಕೆ ಬಾಗಿರುತ್ತದೆ. ಹಾಗಾಗಿ ಕಣ್ಣಳತೆ ಬಿಟ್ಟು ಹಿಂಬದಿಯ ಕ್ಲ್ಯಾಂಪ್ ಮೇಲಿನ ಅಳತೆಗೆರೆಯನ್ನು ಅನುಸರಿಸಿ. ಮೊಬೈಲ್ ದಿಕ್ಸೂಚಿಯನ್ನು ಕಬ್ಬಿಣದ ಗ್ರಿಲ್, ನೀರಿನ ಟ್ಯಾಂಕ್ ಸ್ಟ್ಯಾಂಡ್‌ನಿಂದ ದೂರ ಹಿಡಿಯಿರಿ. ಹತ್ತಿರ ಹಿಡಿದರೆ ಹತ್ತಿಪ್ಪತ್ತು ಡಿಗ್ರಿ ಸುಳ್ಳು ಹೇಳುತ್ತದೆ.

ಮಲೆನಾಡಿನವರು ಅಡಿಕೆ ಮರಗಳಿಗೆ ಹೆದರುವುದುಂಟು. ಉಪಗ್ರಹ ಇಷ್ಟು ಎತ್ತರದಲ್ಲಿರುವುದು ನಮ್ಮ ಅದೃಷ್ಟ. ಡಿಶ್‌ಗಿಂತ 10 ಮೀಟರ್ ಎತ್ತರದ ಮರ ಆಗ್ನೇಯದಲ್ಲಿದ್ದರೂ 6 ಮೀಟರ್ ಆಚೆಗಿದ್ದರೆ ಅಡ್ಡಿಯಾಗದು. ಜೋರು ಮಳೆಯಲ್ಲಿ ಕು ಬ್ಯಾಂಡ್ ಸಂಕೇತ ಕೆಲ ನಿಮಿಷ ಮರೆಯಾಗುವುದು ಸಹಜ, ಅದಕ್ಕೆಂದು ಡಿಶ್ ಅಲುಗಿಸಲು ಹೋಗಬೇಡಿ.

ಮನೆಯಲ್ಲಿ ಈಗಾಗಲೇ ಸನ್ ಡೈರೆಕ್ಟ್ ಇದ್ದರೆ ಹೊಸ ಡಿಶ್ ಬೇಕಿಲ್ಲ. ಅದೂ 93.5 ಡಿಗ್ರಿಯತ್ತಲೇ ನೋಡುತ್ತದೆ. ಒಂದು ಬಾಯಿಯ ಎಲ್‌ಎನ್‌ಬಿ ತೆಗೆದು ಎರಡು ಬಾಯಿಯ ಟ್ವಿನ್ ಎಲ್‌ಎನ್‌ಬಿ ಹಾಕಿಸಿ, ಒಂದು ತಂತಿ ಹಳೆಯ ಬಾಕ್ಸ್‌ಗೆ, ಇನ್ನೊಂದು ಹೊಸ ಟಿವಿಗೆ ಎಳೆಯಿರಿ. ಇದರ ಬದಲು ಕೇಬಲ್ ಟಿವಿಯ ಸಾಮಾನ್ಯ ಸ್ಪ್ಲಿಟರ್ ಹಾಕಿ ಕೈಸುಟ್ಟುಕೊಂಡವರು ಬಹಳ. ಆ ಸ್ಪ್ಲಿಟರ್ 1000 ಮೆಗಾಹರ್ಟ್ಸ್ ತನಕದ್ದು. ಮೇಲಾಗಿ, ಎಲ್‌ಎನ್‌ಬಿಗೆ 13 ವೋಲ್ಟ್ ಕೊಟ್ಟರೆ ಲಂಬ ಅಲೆ, 18 ಕೊಟ್ಟರೆ ಅಡ್ಡ ಅಲೆ ಹಿಡಿಯುತ್ತದೆ. ಬಾಕ್ಸ್ ಒಂದು ವೋಲ್ಟ್, ಟಿವಿ ಇನ್ನೊಂದು ವೋಲ್ಟ್ ಕಳಿಸಿದರೆ ಒಂದು ಕೋಣೆಯಲ್ಲಿ ವಾಹಿನಿ ಬದಲಿಸಿದಾಗ ಇನ್ನೊಂದು ಕೋಣೆಯಲ್ಲಿ ಚಿತ್ರ ಹೋಗುತ್ತದೆ.

ಎಫ್ ಕನೆಕ್ಟರ್ ಹಾಕುವಾಗ ನಡುವಿನ ತಾಮ್ರದ ಎಳೆ ಅಂಚಿನಿಂದ 2–3 ಮಿಲಿಮೀಟರ್ ಹೊರಗಿರಲಿ. ಸುತ್ತಲಿನ ಜಾಲರಿಯ ಒಂದು ಕೂದಲೆಳೆಯೂ ಅದಕ್ಕೆ ತಾಗಬಾರದು. ತಾಗಿದರೆ ಶಾರ್ಟ್ ಆಗಿ ಟಿವಿ ಎಲ್‌ಎನ್‌ಬಿಗೆ ವೋಲ್ಟ್ ಕೊಡುವುದನ್ನೇ ನಿಲ್ಲಿಸುತ್ತದೆ. ಹೊರಗಿನ ತುದಿಗೆ ನೀರು ಇಳಿಯದಂತೆ ಟೇಪ್ ಸುತ್ತಿ, ತಂತಿಯನ್ನು ಕೆಳಕ್ಕೆ ಒಂದು ಬಳಸು ಬಿಟ್ಟು ಮೇಲಕ್ಕೆ ತನ್ನಿ. ಜೋಡಿಸುವಾಗ ಟಿವಿಯ ಪ್ಲಗ್ ತೆಗೆದಿರಬೇಕು.

ಆಮೇಲೆ ಟಿವಿಯ ಮೆನುವಿನಲ್ಲಿ ಮೂಲವನ್ನು ‘ಸ್ಯಾಟಲೈಟ್’ ಎಂದು ಆರಿಸಿ. ಎಲ್‌ಎನ್‌ಬಿ ಬಗೆ ಯೂನಿವರ್ಸಲ್, ಅಂದರೆ 9750/10600. ಎಲ್‌ಎನ್‌ಬಿ ಪವರ್ ‘ಆನ್’ ಇದೆಯೇ ನೋಡಿ. ಎಲ್ಲ ಸರಿಯಿದ್ದೂ ಸಿಗ್ನಲ್ ಸೊನ್ನೆ ತೋರಿಸಿದರೆ ಮೊದಲು ಇದನ್ನೇ ಅನುಮಾನಿಸಬೇಕು. ಉಪಗ್ರಹಗಳ ಪಟ್ಟಿಯಲ್ಲಿ 93.5 ಪೂರ್ವ ಎಂದಿರುವುದನ್ನು ಆರಿಸಿ. ಹಳೆಯ ಪಟ್ಟಿಯಲ್ಲಿ ಇನ್ಸಾಟ್-4ಬಿ ಎಂಬ ಹೆಸರಿರಬಹುದು, ಜಾಗ ಅದೇ. ‘ಬ್ಲೈಂಡ್ ಸ್ಕ್ಯಾನ್’ (ಟಿವಿ ತಾನೇ ಎಲ್ಲವನ್ನೂ ಹುಡುಕುವ ಆಯ್ಕೆ) ಇದ್ದರೆ ಅದನ್ನೇ ಕೊಡಿ. ಇಲ್ಲವಾದರೆ ಕೈಯಾರೆ 11090, ವರ್ಟಿಕಲ್, ಸಿಂಬಲ್ ರೇಟ್ 29500 ಎಂದು ತುಂಬಿ ಹುಡುಕಿಸಿ. ಗೂಢಲಿಪಿ ಹಾಕಿದ ವಾಹಿನಿ ಯಾವುದೂ ಟಿವಿಯ ಟ್ಯೂನರ್‌ನಲ್ಲಿ ತೆರೆಯದು. ಚಂದನ ಸಿಕ್ಕ ಕೂಡಲೇ ಮೆಚ್ಚಿನ ಪಟ್ಟಿಗೆ ಸೇರಿಸಿ. ನೂರು ಹಿಂದಿ ವಾಹಿನಿಗಳ ನಡುವೆ ಹುಡುಕುವ ಕಷ್ಟ ಹಿರಿಯರಿಗೆ ತಪ್ಪುತ್ತದೆ.

ಒಂದೇ ಬಾಕ್ಸ್, ಎರಡು ಟಿವಿ

ಎರಡೂ ಕಡೆ ಒಂದೇ ವಾಹಿನಿ ಸಾಕು ಎಂದರೆ ಬಾಕ್ಸ್‌ಗೆ ಎಚ್‌ಡಿಎಂಐ ಸ್ಪ್ಲಿಟರ್ ಹಾಕಬಹುದು. 10 ಮೀಟರ್ ತನಕ ಒಳ್ಳೆಯ ತಂತಿ ಸಾಕು, ಆಚೆಗೆ ಲ್ಯಾನ್ ತಂತಿಯ ಎಕ್ಸ್‌ಟೆಂಡರ್ ಬೇಕು. ತೊಡಕು ಎರಡಿವೆ: ಎರಡರಲ್ಲಿ ಕಡಿಮೆ ಸ್ಪಷ್ಟತೆಯ ಟಿವಿ ಯಾವುದೋ ಅದರ ಮಟ್ಟಕ್ಕೆ ಎರಡೂ ಇಳಿಯಬಹುದು, ವಾಹಿನಿ ಬದಲಿಸಲು ಹಾಲ್‌ಗೆ ಎದ್ದು ಹೋಗಬೇಕು. ಅಡುಗೆಮನೆಗೆ ಇದು ನಡೆದೀತು, ಮಲಗುವ ಕೋಣೆಗೆ ನಡೆಯದು.

ಬಾಕ್ಸ್ ಇದ್ದೇ ಇರುತ್ತದೆ ಎಂದಾದರೆ ಕಂಪ್ಯೂಟರ್ ಮಾನಿಟರ್ ಕೂಡ ಟಿವಿಯಾಗಬಲ್ಲದು. ಎಚ್‌ಡಿಎಂಐ ಕಿಂಡಿ ಇರಬೇಕು, ಅದು ಎಚ್‌ಡಿಸಿಪಿ ಎಂಬ ನಕಲು ತಡೆಯುವ ವ್ಯವಸ್ಥೆಯನ್ನು ಒಪ್ಪಬೇಕು. ಒಪ್ಪದಿದ್ದರೆ ಪರದೆ ಖಾಲಿ. ಬಹಳಷ್ಟು ಮಾನಿಟರ್‌ಗಳಲ್ಲಿ ಸ್ಪೀಕರ್ ಇಲ್ಲ, ಅದರ ಖರ್ಚು ಸೇರಿಸಿದರೆ ಸಣ್ಣ ಟಿವಿಯೇ ಅಗ್ಗವಾದೀತು.

ಇಂಟರ್‌ನೆಟ್‌ನಲ್ಲೇ ನೋಡುವವರಿಗೆ ಟ್ಯೂನರ್ ಮಾತೇ ಇಲ್ಲ. 2 ಜಿಬಿ ರ್‍ಯಾಮ್‌ಗಿಂತ ಕಡಿಮೆಯ ಸ್ಮಾರ್ಟ್ ಟಿವಿ ಬೇಡ, ಒಂದೆರಡು ವರ್ಷದಲ್ಲಿ ಆಪ್‌ಗಳು ತೆವಳುತ್ತವೆ. ಸಾದಾ ಟಿವಿಗೆ ಇಂಟರ್‌ನೆಟ್ ಸ್ಟಿಕ್ ಹಾಕುವುದಾದರೆ ಅದರ ಕರೆಂಟಿನ ತಂತಿಯನ್ನು ಟಿವಿಯ ಯುಎಸ್‌ಬಿಗೆ ಸಿಕ್ಕಿಸಬೇಡಿ. ಅಲ್ಲಿ ಸಿಗುವ ಅರ್ಧ ಆಂಪಿಯರ್ ಸಾಲದೆ ಸ್ಟಿಕ್ ಮತ್ತೆ ಮತ್ತೆ ಆರಿ ಹೊತ್ತಿಕೊಳ್ಳುತ್ತದೆ. ಅದರದೇ ಅಡಾಪ್ಟರ್ ಬಳಸಿ.

ಗಾತ್ರ, ಪರದೆ, ಗೋಡೆ

ಹಾಲ್‌ನ ಹಳೆಯ ಟಿವಿ ಚೆನ್ನಾಗಿದ್ದರೆ ಅದನ್ನೇ ಒಳಕೋಣೆಗೆ ಸಾಗಿಸಿ ಹೊಸದನ್ನು ಹಾಲ್‌ಗೆ ಹಾಕುವುದು ಜಾಣತನ. ಸಣ್ಣದನ್ನೇ ಕೊಳ್ಳುವುದಾದರೆ 5–6 ಅಡಿ ದೂರಕ್ಕೆ 32 ಇಂಚು, 3–4 ಅಡಿಗೆ 24 ಇಂಚು ಸಾಕು. 32 ಇಂಚಿನ ಪರದೆ ಸುಮಾರು 71 ಸೆಂಟಿಮೀಟರ್ ಅಗಲ, 43 ಇಂಚಿನದು 95. ಬೀರುವಿನ ಬಾಗಿಲು ತೆರೆಯುವ ಜಾಗ ಬಿಟ್ಟು ಗೋಡೆ ಅಳೆಯಿರಿ. 32 ಇಂಚು ದಾಟಿದ ಟಿವಿಗಳಿಗೆ ಇದ್ದ ಶೇ 28ರ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಹೆದರಿ 32ಕ್ಕೇ ನಿಲ್ಲುವ ಕಾರಣ ಈಗಿಲ್ಲ.

ಅಡುಗೆಮನೆಯಲ್ಲಿ ನಿಂತು, ಓರೆಯಿಂದ ನೋಡುವವರಿಗೆ ಐಪಿಎಸ್ ಪ್ಯಾನೆಲ್ ಬೇಕು. ವಿಎ ಪ್ಯಾನೆಲ್ ಓರೆಯಿಂದ ಮಂಕಾಗುತ್ತದೆ. ಒಲೆಯ ಮೇಲಿನ ಗೋಡೆ ಬೇಡವೇ ಬೇಡ. ಒಗ್ಗರಣೆಯ ಎಣ್ಣೆ ಹೊಗೆ ಹಿಂಬದಿಯ ಗಾಳಿಕಿಂಡಿಯಿಂದ ಒಳಗೆ ಸೇರಿ ಧೂಳನ್ನು ಹಿಡಿದಿಡುತ್ತದೆ. ಟೊಳ್ಳು ಬ್ಲಾಕ್ ಗೋಡೆಗೆ ಸಾಮಾನ್ಯ ಪ್ಲಗ್ ಹಿಡಿಯದು, ಟೊಳ್ಳು ಗೋಡೆಯ ಆಂಕರ್ ಕೇಳಿ. ಬ್ರಾಕೆಟ್ ತರುವ ಮುನ್ನ ಟಿವಿಯ ಬೆನ್ನಿನ ನಾಲ್ಕು ತೂತುಗಳ ಅಂತರವನ್ನು ಮಿಲಿಮೀಟರ್‌ನಲ್ಲಿ ಬರೆದುಕೊಳ್ಳಿ.

ಕೊನೆಯದಾಗಿ ಏಪ್ರಿಲ್–ಮೇ ತಿಂಗಳ ಗುಡುಗು. ಸಿಡಿಲಿನ ಹೊಡೆತ ಕರೆಂಟಿನ ದಾರಿಯಲ್ಲಷ್ಟೇ ಅಲ್ಲ, ಡಿಶ್ ತಂತಿಯಲ್ಲೂ ಬರುತ್ತದೆ. ಬಾಕ್ಸ್ ಇದ್ದಲ್ಲಿ ಮೊದಲ ಪೆಟ್ಟು ಬಾಕ್ಸ್‌ಗೆ ಬಿದ್ದೀತು; ಒಳಗೇ ಟ್ಯೂನರ್ ಇರುವ ಟಿವಿಯಲ್ಲಿ ಅದು ನೇರ ಟಿವಿಯ ಬೋರ್ಡ್‌ಗೇ ಬೀಳುತ್ತದೆ. ಮೋಡ ಕವಿದ ಕೂಡಲೇ, ಗುಡುಗು ಕೇಳಿಸುವ ಮೊದಲೇ, ಪ್ಲಗ್ ಮತ್ತು ಎಫ್ ಕನೆಕ್ಟರ್ ಎರಡನ್ನೂ ತೆಗೆಯಿರಿ. ಅದು ಕೈಗೆ ಸಿಗುವಂತಿರಲು ಟಿವಿಯನ್ನು ಗೋಡೆಗೆ ಹಾಕಿಸುವಾಗಲೇ ಹಿಂದೆ ನಾಲ್ಕು ಬೆರಳು ಜಾಗ ಬಿಡಿಸಿ.